ಬೇಡವೆನ್ನುವ ಎರಡು ಬಗೆ

ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು "ಊಟ ಆಯ್ತಾ?" ಎಂದು. ಆಯ್ತು ಎಂದರೂ ಬಿಡುವುದಿಲ್ಲ. "ಒಂಚೂರಾದ್ರೂ ತಗೊಳ್ಳಿ" ಎಂಬ ಒತ್ತಾಯ ಬಂದೇ ಬರುತ್ತದೆ. ಬಡಿಸಿದ್ದನ್ನು ಬೇಡವೆಂದರೆ ಬಡಿಸಿದವರನ್ನೇ ಬೇಡವೆಂದ ಹಾಗೆ. ಇಂಥ ನಾಡಿನಲ್ಲಿ, ಆರೋಗ್ಯದ ಕಾರಣಕ್ಕೆ ಬದುಕಿರುವಷ್ಟು ಕಾಲ ಬೇಡವೆನ್ನುತ್ತಲೇ ಇರಬೇಕಾದವರು ಹೇಗೆ ಬೇಡವೆನ್ನಬೇಕು? ಸೀಲಿಯಾಕ್ ಕಾಯಿಲೆ ಇರುವವರ ಮುಂದೆ ದಿನವೂ ನಿಲ್ಲುವ ಪ್ರಶ್ನೆ ಇದು. ಮೇಲ್ನೋಟಕ್ಕೆ ಪಥ್ಯದ ಪ್ರಶ್ನೆ. ಸ್ವಲ್ಪ ಕೆದಕಿದರೆ ನೀತಿಯ ಪ್ರಶ್ನೆ.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಕಣಕ ನಾದಿದಾಗ ಬರುವ ಜಿಗುಟು ಅದರದ್ದೇ. ಹೋಳಿಗೆ ಹರಿಯದೆ ತೆಳ್ಳಗಾಗುವುದೂ ಅದರಿಂದಲೇ. ಸೀಲಿಯಾಕ್ ಇರುವವರು ಅದನ್ನು ತಿಂದರೆ, ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರ ಹೀರುವ, ಬೆರಳಿನಂಥ ಪುಟ್ಟ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಭೇದಿ, ರಕ್ತಹೀನತೆ, ಮೂಳೆಯ ದೌರ್ಬಲ್ಯ ಕಾಣಿಸಿಕೊಳ್ಳಬಹುದು, ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ಕೆಲವರಲ್ಲಿ ಹೊರಗೆ ಏನೂ ಕಾಣದೆಯೇ ಒಳಗೆ ಹಾನಿ ನಡೆದಿರುತ್ತದೆ. ಗ್ಲುಟೆನ್ ಅನ್ನು ಜೀವನಪೂರ್ತಿ ಬಿಡುವುದೇ ಇದಕ್ಕೆ ಚಿಕಿತ್ಸೆ.

ಕಾರಣ ಗೋಧಿ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬಣ್ಣಿಸಿದ್ದರು, ಅದಕ್ಕೆ ಊಟವೇ ಮದ್ದಾಗಬೇಕು ಎಂದೂ ಊಹಿಸಿದ್ದರು. ಯಾವ ಊಟ ಎಂಬುದು ಮಾತ್ರ ಗೊತ್ತಿರಲಿಲ್ಲ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ನೆದರ್ಲೆಂಡ್ಸ್‌ನಲ್ಲಿ ಬರ ಬಿದ್ದಾಗ ಕಂಡದ್ದು ಆ ಅನುಮಾನವನ್ನು ಗಟ್ಟಿಮಾಡಿತು. 1950ರ ತಮ್ಮ ಪ್ರಬಂಧದಲ್ಲಿ ಅವರು ಅದನ್ನು ತೋರಿಸಿಕೊಟ್ಟರು. ಅಲ್ಲಿಯತನಕ ಎಷ್ಟು ತಾಯಂದಿರು ಸೊರಗಿದ ಮಗು ಚೇತರಿಸಿಕೊಳ್ಳಲಿ ಎಂದು ಇನ್ನೊಂದು ತುಂಡು ಬ್ರೆಡ್ ತಿನ್ನಿಸಿರಬೇಕು! ಪ್ರೀತಿಗೆ ತಿಳಿವಳಿಕೆಯ ಜೊತೆ ಇಲ್ಲದಿದ್ದರೆ ಅದು ಎಷ್ಟು ನೋಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಕನ್ನಡ ನಾಡಿನಲ್ಲಿ ಇದು ಹಸಿವಿನ ಸಮಸ್ಯೆಯಲ್ಲ. ರಾಗಿ, ಜೋಳ, ಅಕ್ಕಿ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ ಉಣ್ಣುವವರಿಗೂ ರೊಟ್ಟಿ ತಿನ್ನುವವರಿಗೂ ಇದರಿಂದ ದೊಡ್ಡ ನಷ್ಟವೇನೂ ಆಗದು ಅನ್ನಿಸುತ್ತದೆ. ಕಷ್ಟ ಶುರುವಾಗುವುದು ನಾಲ್ಕು ಜನರ ಜೊತೆ ಕೂತಾಗ. ಉಪ್ಪಿಟ್ಟು, ಕೇಸರಿಬಾತು, ಚಿರೋಟಿ, ಹೋಳಿಗೆ ಕಣ್ಣಿಗೆ ಕಾಣುವ ಗೋಧಿ. ಕಾಣದ ಗೋಧಿಯೂ ಇದೆ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಹಾಗಾಗಿ ಅನ್ನದ ಮೇಲಿನ ತಿಳಿಸಾರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬಿದ್ದಿರುತ್ತದೆ. ಪ್ಯಾಕೆಟ್ಟಿನ ಮೇಲೆ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. "ಒಂದು ತುತ್ತಿಗೆ ಏನಾಗುತ್ತೆ?" ಎಂಬ ಅಕ್ಕರೆಯ ಮಾತಿಗೆ ಆ ಅಂಕಿಯಲ್ಲೇ ಉತ್ತರವಿದೆ.

ಆದ್ದರಿಂದ ಸೀಲಿಯಾಕ್ ಇರುವವರು ಬೇರೆ ಬಾಣಲೆ, ಬೇರೆ ಲಟ್ಟಣಿಗೆ, ಬೇರೆ ಸೌಟು ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರ ತಟ್ಟೆಯಿಂದ ತೆಗೆದು ತಿನ್ನುವುದಿಲ್ಲ. ಏನು ಹಾಕಿದ್ದೀರಿ, ಯಾವ ಪಾತ್ರೆಯಲ್ಲಿ ಮಾಡಿದ್ದೀರಿ ಎಂದು ವಿಚಾರಿಸುತ್ತಾರೆ. ಇದನ್ನೆಲ್ಲ ಎಲ್ಲೋ ನೋಡಿದ್ದೇವಲ್ಲ ಅನ್ನಿಸುವುದು ಸಹಜ. ಮಡಿಯ ಅಡುಗೆಮನೆಯ ನಿಯಮಗಳೂ ಹೀಗೇ ಇದ್ದವು. ಅಡುಗೆ ಯಾರದು, ನೀರು ಯಾರು ಮುಟ್ಟಿದ್ದು ಎಂಬ ಪ್ರಶ್ನೆಗಳಿಂದಲೇ ಈ ನೆಲದಲ್ಲಿ ತಲೆಮಾರುಗಟ್ಟಲೆ ಜನರನ್ನು ಅವಮಾನಿಸಲಾಗಿದೆ. ಹೀಗಿರುವಾಗ ಊಟದ ಬಗ್ಗೆ ಪ್ರಶ್ನೆ ಕೇಳುವವರು, ತಮ್ಮ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ, ಒಂದು ಹಳೆಯ ಗಾಯವನ್ನು ಮುಟ್ಟಬಹುದು.

ಎರಡೂ ಒಂದೇ ಅಲ್ಲ. ವ್ಯತ್ಯಾಸ ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ: ಅದೇ ತಿನಿಸನ್ನು ಬೇರೆ ಕೈ ಕೊಟ್ಟರೆ ತಿನ್ನುತ್ತೇವೆಯೇ? ಮಡಿಯವನು ತಿನ್ನುತ್ತಾನೆ, ಅವನ ತಕರಾರು ಕೈಯ ಬಗ್ಗೆ. ಸೀಲಿಯಾಕ್ ಇರುವವನು ಹೆತ್ತ ತಾಯಿ ಕೊಟ್ಟರೂ ತಿನ್ನುವಂತಿಲ್ಲ, ಯಾರ ಮನೆಯದಾದರೂ ಗೋಧಿಯಿಲ್ಲದ ರೊಟ್ಟಿಯನ್ನು ಬೇಡವೆನ್ನಬೇಕಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಮಡಿ ಪರರನ್ನು ನಂಬದೆ ನಡೆಯುತ್ತದೆ. ಈ ಪಥ್ಯ ಪರರ ಮಾತನ್ನು ನಂಬದೆ ನಡೆಯುವುದೇ ಇಲ್ಲ. "ಇಂಗು ಹಾಕಿಲ್ಲ" ಎಂದು ಅಡುಗೆಯವರು ಹೇಳಿದರೆ, ಆ ಮಾತಿನ ಮೇಲೆ ತನ್ನ ಕರುಳನ್ನೇ ಇಟ್ಟು ಉಣ್ಣಬೇಕು.

ಸತ್ಯನಾರಾಯಣ ವ್ರತದ ಕಥೆಯಲ್ಲಿ ತುಂಗಧ್ವಜನೆಂಬ ರಾಜ ಬರುತ್ತಾನೆ. ಬೇಟೆಯಿಂದ ಮರಳುವಾಗ ಗೊಲ್ಲರು ಮರದಡಿ ಪೂಜೆ ಮಾಡಿ ಕೊಟ್ಟ ಪ್ರಸಾದವನ್ನು ಗರ್ವದಿಂದ ಬಿಟ್ಟು ಹೋಗುತ್ತಾನೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಳ್ಳುತ್ತಾನೆ. ಪ್ರಸಾದ ಬಿಟ್ಟರೆ ಕೇಡು ಎಂಬುದಷ್ಟನ್ನೇ ಹಿಡಿದು ಈ ಕಥೆ ಹೇಳುವವರಿದ್ದಾರೆ. ಆದರೆ ಅಲ್ಲಿ ತಪ್ಪಾಗಿದ್ದದ್ದು ತಿನ್ನದಿದ್ದುದಲ್ಲ, ಗೊಲ್ಲರನ್ನು ಕೀಳಾಗಿ ಕಂಡದ್ದು ಎಂದು ನನಗನ್ನಿಸುತ್ತದೆ. ಆ ವ್ರತದ ಪ್ರಸಾದವನ್ನು ನಮ್ಮಲ್ಲಿ ಗೋಧಿ ರವೆಯಲ್ಲೇ ಮಾಡುತ್ತೇವೆ. ಆದರೆ ಗೋಧಿ ಇಲ್ಲದಿದ್ದರೆ ಅಕ್ಕಿ ಹಿಟ್ಟಾದರೂ ಆದೀತು ಎಂದು ಆ ಕಥೆಯೇ ಹೇಳಿಬಿಟ್ಟಿದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಇಷ್ಟು ಸಡಿಲಿಕೆಯಿಲ್ಲ. ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕು, ಗ್ಲುಟೆನ್ ಪೂರಾ ತೆಗೆದದ್ದು ಸಲ್ಲದು ಎಂದು ವ್ಯಾಟಿಕನ್ 2017ರಲ್ಲಿ ಮತ್ತೆ ನೆನಪಿಸಿತು. ಆದರೂ ಅತಿ ಕಡಿಮೆ ಗ್ಲುಟೆನ್ ಇರುವ ರೊಟ್ಟಿಗೆ ಅವಕಾಶವಿದೆ. ಅದೂ ಆಗದವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು. ಅಂದರೆ ಕಟ್ಟುನಿಟ್ಟಿನ ನಿಯಮವೂ, ಮನಸ್ಸಿದ್ದರೆ, ತಿನ್ನಲಾಗದವರಿಗೆ ಒಂದು ಬಾಗಿಲು ತೆರೆದಿಡುತ್ತದೆ.

ನಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲವಾದರೆ ಅಷ್ಟೇ ಸಾಕೇ? ಸಾಲದು. ಬಡಿಸುವವರಿಗೆ ನಮ್ಮ ಮನಸ್ಸು ಕಾಣುವುದಿಲ್ಲ, ಹಿಂದಕ್ಕೆ ಸರಿದ ಕೈ ಕಾಣುತ್ತದೆ. ಬೇಡವೆನ್ನುವವರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಕಾರಣವನ್ನು ನೆಪಗಳಲ್ಲಿ ಮುಚ್ಚಿಡದೆ ಬಿಡಿಸಿ ಹೇಳಬೇಕು. ಊಟ ಆಗದಿದ್ದರೆ ಬಾಳೆಹಣ್ಣು ತಿನ್ನಬಹುದು. ಅದಕ್ಕಿಂತ ಮುಖ್ಯವಾಗಿ, ಒಂದು ಲೋಟ ನೀರು ಕೇಳಿ ಕುಡಿಯಬಹುದು. ಜಾತಿ ಮೊದಲು ತಡೆದದ್ದು ನೀರನ್ನೇ. ಊಟಕ್ಕೆ ಬೇಡವೆಂದವರು ತಾವಾಗಿ ನೀರು ಕೇಳಿದರೆ, ಬೇಡವೆಂದದ್ದು ಗೋಧಿಯನ್ನು, ಮನೆಯವರನ್ನಲ್ಲ ಎಂಬುದು ಹೆಚ್ಚು ಮಾತಿಲ್ಲದೆ ತಿಳಿಯುತ್ತದೆ.

ಬಡಿಸುವವರ ಪಾಲೂ ಇದೆ. ಒತ್ತಾಯ ನಮ್ಮಲ್ಲಿ ಪ್ರೀತಿಯ ಭಾಷೆ, ನಿಜ. ಆದರೆ ನಾನು ಕೊಟ್ಟದ್ದನ್ನೇ ತಿನ್ನಬೇಕು ಎಂಬ ಪ್ರೀತಿಗೆ ಎದುರಿನವರಿಗಿಂತ ತನ್ನ ಸಂತೋಷವೇ ಹೆಚ್ಚು. ಕಾಯಿಲೆಯವರಿಗೆಂದು ಪ್ರತ್ಯೇಕ ತಟ್ಟೆ ಮಾಡಿಕೊಡುವುದು ಒಳ್ಳೆಯದೇ. ಆದರೂ ಪಂಕ್ತಿಯಲ್ಲಿ ಒಬ್ಬರ ಎಲೆ ಮಾತ್ರ ಬೇರೆಯಾದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಸುಲಭದ ದಾರಿ ನಮ್ಮ ಅಡುಗೆಯಲ್ಲೇ ಇದೆ. ಅಂದಿನ ಮಟ್ಟಿಗೆ ಎಲ್ಲರಿಗೂ ಅಕ್ಕಿ ರೊಟ್ಟಿ ತಟ್ಟಿ, ಎಲ್ಲರ ಸಾರಿಗೂ ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಯಾರ ಊಟವೂ ಬಡವಾಗುವುದಿಲ್ಲ. ಆ ಮನೆಯಲ್ಲಿ "ಇನ್ನೊಂದು ಹಾಕ್ಲಾ?" ಎಂದು ಎಷ್ಟು ಸಲ ಬೇಕಾದರೂ ಒತ್ತಾಯ ಮಾಡಬಹುದು.