ಇಂದಿನ ಧಮ್ಮ ಚಿಂತನೆ: ಮಾತ್ರೆ ಯಾರ ನೆಮ್ಮದಿಗೆ?



ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ನಾವು ಪಂಚಶೀಲ ತಗೊಂಡವರು. ಮಗನಿಗೆ ಡಾಕ್ಟರು ಬರೆದಿರೋ ಮಾತ್ರೆ ಕೊಟ್ರೆ ಮಂಪರು ಬರುತ್ತೆ. ಐದನೇ ಶೀಲ ತಪ್ಪಿದ ಹಾಗಾಗುತ್ತಾ?"

ಆ ಹುಡುಗನಿಗೆ ಆಟಿಸಂ ಇದೆ. ಹನ್ನೊಂದು ವರ್ಷ, ಮಾತು ಬಹಳ ಕಡಿಮೆ. ನನ್ನ ತರಗತಿಯಲ್ಲೇ ಇದ್ದಾನೆ. ಅವರಿಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಆ ಮಾತ್ರೆಯ ಹಿಂದೆ ನಾನೇ ಇದ್ದೆ.

ಕಳೆದ ವರ್ಷ ಅವನು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ, ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಉಳಿದ ಮಕ್ಕಳ ಪಾಠ ನಿಲ್ಲುತ್ತಿತ್ತು. ಸೋತುಹೋಗಿದ್ದ ನಾನು ತಾಯಿಯನ್ನು ಕರೆಸಿ, "ಡಾಕ್ಟರಿಗೆ ತೋರಿಸಿ, ಸುಮ್ಮನೆ ಕೂರೋ ಹಾಗೆ ಏನಾದ್ರೂ ಬರೆಸ್ಕೊಂಡು ಬನ್ನಿ" ಅಂದೆ. ಮಾತ್ರೆ ಬಂತು. ಹುಡುಗ ಬೆಂಚಿನ ಮೇಲೆ ತಲೆಯಿಟ್ಟು ತೂಕಡಿಸತೊಡಗಿದ. ತರಗತಿ ಶಾಂತವಾಯಿತು, ನನಗೆ ಸಂತೋಷವಾಯಿತು. ಬಿಸಿಯೂಟಕ್ಕೆ ಅವನು ಮತ್ತೆ ಮತ್ತೆ ತಟ್ಟೆ ಹಿಡಿದದ್ದು, ಅಂಗಿಯ ಗುಂಡಿ ಬಿಗಿಯಾದದ್ದು ಕಣ್ಣಿಗೆ ಬಿದ್ದರೂ ಯೋಚಿಸಲಿಲ್ಲ.

ಈ ವಾರ ಕೂತು ಓದಿದೆ. ಆಟಿಸಂ ಜ್ವರದ ಹಾಗೆ ಬಂದು ಹೋಗುವ ಕಾಯಿಲೆಯಲ್ಲ, ಅದನ್ನು ವಾಸಿ ಮಾಡುವ ಮಾತ್ರೆಯೂ ಇಲ್ಲ. ರಿಸ್ಪೆರಿಡೋನ್ ಎಂಬ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಆಟಿಸಂ ಇರುವ ಮಕ್ಕಳ ವಿಪರೀತ ಸಿಡುಕು, ಇತರರ ಮೇಲೆ ಎರಗುವುದು, ತಮ್ಮನ್ನೇ ಗಾಯ ಮಾಡಿಕೊಳ್ಳುವುದು ಇಂಥವಕ್ಕೆ. ಅದರಿಂದ ಮಾತು ಬರುವುದಿಲ್ಲ, ಅದಕ್ಕೆ ತರಬೇತಿಯೇ ಬೇಕು. ಮಂಪರು, ಹಸಿವು, ತೂಕ ಹೆಚ್ಚುವುದು ಅದರ ಅಡ್ಡಪರಿಣಾಮಗಳು. ತೂಕವನ್ನೂ ರಕ್ತದ ಸಕ್ಕರೆಯನ್ನೂ ಆಗಾಗ ನೋಡಿಸುತ್ತಿರಬೇಕು.

ಇನ್ನು ಶೀಲದ ಮಾತು. ವಿನಯದಲ್ಲಿ ಒಂದು ಪ್ರಸಂಗ ಬರುತ್ತದೆ. ವಾಯುನೋವಿನಿಂದ ನರಳುತ್ತಿದ್ದ ಪಿಲಿಂದವಚ್ಛ ಥೇರರಿಗೆ ವೈದ್ಯರು ಮದ್ಯ ಬೆರೆಸಿ ಕಾಯಿಸಿದ ಎಣ್ಣೆ ಹೇಳಿದರು. ಭಗವಾನ್ ಬುದ್ಧರು ಒಪ್ಪಿದರು. ಕೆಲವು ಭಿಕ್ಖುಗಳು ಅದನ್ನೇ ನೆಪ ಮಾಡಿಕೊಂಡು ಮದ್ಯ ಹೆಚ್ಚು ಸುರಿದು ಕುಡಿದು ಅಮಲೇರಿದರು. ಆಗಲೂ ಭಗವಾನರು ಔಷಧಿಯನ್ನು ನಿಷೇಧಿಸಲಿಲ್ಲ. ಮದ್ಯದ ಬಣ್ಣ, ವಾಸನೆ, ರುಚಿ ತಿಳಿಯದಷ್ಟೇ ಇರಲಿ ಎಂದು ಮಿತಿ ಹಾಕಿದರು. ನೋವಿಗೆ ಮದ್ದು ಕೊಟ್ಟರೆ ಶೀಲ ತಪ್ಪುವುದಿಲ್ಲ. ಐದನೇ ಶೀಲ ದೂರವಿಡುವುದು ಪ್ರಮಾದವನ್ನು, ಎಚ್ಚರಗೇಡಿತನವನ್ನು. ಇಲ್ಲಿ ಮಾತ್ರೆ ನುಂಗಿದ್ದು ಆ ಹುಡುಗ, ಎಚ್ಚರ ತಪ್ಪಿದ್ದು ನಾನು.

ಬೇರೆಯಾಗಿ ಗೋಣಿಚೀಲದ ಮೇಲೆ ಕೂತು ಓದಿದ ಬಾಲಕ ಭೀಮರಾಯರ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಉಳಿದವರ ಅನುಕೂಲಕ್ಕಾಗಿ ಒಂದು ಮಗುವನ್ನು ಅದುಮಿ ಕೂರಿಸುವ ಕೆಲಸವನ್ನು ನಾನೂ ಮಾಡಿದೆನಲ್ಲ! ಅದೂ 'ಬೇಡ' ಅನ್ನಲು ಬಾಯಿಲ್ಲದ ಮಗುವಿಗೆ.

ಅಂಬಲಟ್ಠಿಕದಲ್ಲಿ ಭಗವಾನರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು ತಿಳಿಹೇಳಿದರು. ಯಾವ ಕೆಲಸವನ್ನೇ ಆಗಲಿ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಅದರಿಂದ ನಿನಗೋ ಇತರರಿಗೋ ನೋವಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿರಲಿಲ್ಲ.

ಸೋಮವಾರದಿಂದ ನೋಡಲು ಶುರು ಮಾಡಿದೆ. ಮಾತ್ರೆ ತೆಗೆದುಕೊಂಡರೂ ಮಧ್ಯಾಹ್ನ 12.30ಕ್ಕೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಊಟದ ಸ್ಟೀಲ್ ತಟ್ಟೆಗಳನ್ನು ಜಗಲಿಯ ಮೇಲೆ ಸುರಿಯುವ ಹೊತ್ತು ಅದು. ಈಗ ಐದು ನಿಮಿಷ ಮೊದಲೇ ಅವನನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಮೂರು ದಿನದಿಂದ ಆ ಹೊತ್ತಿನಲ್ಲಿ ಕಿರುಚಿಲ್ಲ.

ಬುಧವಾರ ಅವರ ಮನೆಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಮಾತ್ರೆಯೇ ಬೇಡವೇನೋ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಆ ತಾಯಿ ಅಂದರು: "ಮಾತ್ರೆ ಶುರುವಾದ ಮೇಲೆ ಅವನ ಹಣೆಯ ಗಾಯ ಮಾಗಿದೆ ಮೇಷ್ಟ್ರೇ. ರಾತ್ರಿ ನಾನೂ ಮಲಗ್ತೀನಿ. ಅದೂ ನಿಜಾನೇ ಅಲ್ವಾ?" ಅದೂ ನಿಜ. ತಾಯಿಯ ನಿದ್ದೆಯನ್ನು ಸ್ವಾರ್ಥ ಅನ್ನಲು ನಾನು ಯಾರು? ನಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಪಾಯ. ಅವನು ಎಷ್ಟು ಹೊತ್ತು ತೂಕಡಿಸುತ್ತಾನೆ, ಎಷ್ಟು ತಿನ್ನುತ್ತಾನೆ, ಯಾವಾಗ ಕಿರುಚುತ್ತಾನೆ ಎಂದು ಅವರು ಮನೆಯಲ್ಲಿ, ನಾನು ಶಾಲೆಯಲ್ಲಿ ಬರೆದಿಡುತ್ತಿದ್ದೇವೆ. ಮುಂದಿನ ವಾರ ಇಬ್ಬರೂ ಆ ಪುಸ್ತಕ ಹಿಡಿದು ಡಾಕ್ಟರ ಬಳಿ ಹೋಗುತ್ತೇವೆ. ಪ್ರಮಾಣ ಇಳಿಸಬಹುದೇ ಎಂದು ಕೇಳುತ್ತೇವೆ.

ನಮ್ಮ ಕೈಯಲ್ಲಿರುವ ಮಗು, ವಯಸ್ಸಾದವರು, ಮಾತು ಬಾರದವರು, ಯಾರ ಬಗ್ಗೆಯೇ ಆಗಲಿ ಇಂದು ಒಂದು ನಿರ್ಧಾರ ಮಾಡುವ ಮೊದಲು ಕೇಳಿಕೊಳ್ಳೋಣ: ಇದು ಅವರ ನೋವಿಗೋ, ನನ್ನ ಅನುಕೂಲಕ್ಕೋ? ಎರಡೂ ಇದ್ದರೆ ಇದೆ ಎಂದು ಒಪ್ಪಿಕೊಳ್ಳೋಣ. ಕೊಟ್ಟ ಮೇಲೂ ನೋಡುತ್ತಿರೋಣ.

ಎಲ್ಲ ಮಕ್ಕಳಿಗೂ ಒಳಿತಾಗಲಿ. ಜೈ ಭೀಮ್.