ಅನ್ನದ ಕೆಳಗೆ ಬಚ್ಚಿಟ್ಟ ತುಪ್ಪ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ ಒಂದು ಮನೆ ಇದೆ ಎಂದು ಎಣಿಸಿಕೊಳ್ಳಿರಿ. ಮುಂದೆ ಗದ್ದೆ, ಹಿಂದೆ ನಾಲ್ಕು ಅಡಿಕೆ ಮರ. ಆ ಮನೆಯಲ್ಲಿ ಹದಿನೇಳು ವರುಷದ ಒಬ್ಬ ಮಗಳು. ಅವಳು ಹಿಂದಿನ ವರುಷ ಜ್ವರದಲ್ಲಿ ಮಲಗಿ ಎದ್ದ ಮೇಲೆ ಮೊದಲು ಎಣ್ಣೆಯನ್ನು ಬಿಟ್ಟಳು. ತರುವಾಯ ತುಪ್ಪವನ್ನೂ ಬೆಲ್ಲವನ್ನೂ ಬಿಟ್ಟಳು. ಆಮೇಲೆ ಅನ್ನವನ್ನೇ ಅರ್ಧಮಾಡಿದಳು. ಈಗ ಅಕ್ಕಿರೊಟ್ಟಿಯನ್ನು ಉಗುರಿನಷ್ಟು ಚೂರುಮಾಡಿಕೊಂಡು, ಒಂದು ಗಳಿಗೆಯಲ್ಲಿ ಉಣ್ಣತಕ್ಕದ್ದನ್ನು ಎರಡು ತಾಸು ಉಣ್ಣುವಳು. ತಾಯಿಯು ಅತ್ತು ಅತ್ತು ಕೊನೆಗೆ ಒಂದು ಉಪಾಯವನ್ನು ಕಂಡುಕೊಂಡಳು. ಬಿಸಿ ಅನ್ನದ ಕೆಳಗೆ ಒಂದು ಚಮಚ ತುಪ್ಪವನ್ನು ಅಡಗಿಸಿ ಬಡಿಸಿದಳು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮಗಳು ತನ್ನ ಬೆರಳುಗಳನ್ನು ನೋಡಿಕೊಂಡು, "ಅವ್ವಾ, ಇದರೊಳಗೆ ಏನು ಹಾಕಿದ್ದಿ?" ಎಂದು ಕೇಳಿದಳು. "ಏನೂ ಹಾಕಿಲ್ಲ ಮಗಾ" ಎಂದಳು ತಾಯಿ. ಅಂದಿನಿಂದ ಆ ಹುಡುಗಿಯು ತಾಯಿಯ ಕೈಯ ಸಾರನ್ನೂ ಮುಟ್ಟಲಿಲ್ಲ. ನಾನೇ ಬೇಯಿಸಿಕೊಳ್ಳುತ್ತೇನೆಂದು ಹೇಳಿ ಒಲೆಯ ಮುಂದೆ ಕೂತಳು.

ತಾಯಿಯು ಹೀಗೆ ಮಾಡಿದ್ದು ಪ್ರೀತಿಯಿಂದಲೇ ಎಂಬದರಲ್ಲಿ ಸಂಶಯವಿಲ್ಲ. ಅದು ಸರಿಯೋ ಎಂಬದು ಬೇರೆ ಮಾತು. ಇದರಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಲ್ಲೆನೆಂಬವಳಿಗೆ ಉಣ್ಣಿಸುವದು ನ್ಯಾಯವೋ? ನ್ಯಾಯವಾದರೆ ಅದನ್ನು ಕಪಟದಿಂದ ಮಾಡಬಹುದೋ? ಇವುಗಳಿಗೆ ಉತ್ತರ ಹೇಳುವ ಮೊದಲು ಆ ಹುಡುಗಿಯ ಭಯವು ಎಂಥದೆಂದು ತಿಳಿಯಬೇಕು.

ಭಯವೆಲ್ಲಾ ಕೆಟ್ಟದ್ದಲ್ಲ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಆ ಕಾಯಿಲೆಯು ಉಣುಗಿನ ಕಡಿತದಿಂದ ಬರುವದೆಂದು ವೈದ್ಯರು ಕಂಡುಕೊಂಡರು. ಆ ಕಾಡಿನ ಹೆಸರೇ ಕಾಯಿಲೆಗೆ ಲೋಕದಲ್ಲೆಲ್ಲಾ ನಿಂತಿತು. ಮಂಗ ಸತ್ತ ಕಾಡಿಗೆ ಕಾಲಿಡಲು ಹೆದರುವವನನ್ನು ಯಾರೂ ಹೇಡಿ ಎನ್ನರು. ಆ ಭಯವು ಬಾಗಿಲು ಕಾಯುವ ನಾಯಿಯ ಹಾಗೆ. ಕಳ್ಳನನ್ನು ಕಂಡು ಬೊಗಳುತ್ತದೆ. ಆದರೆ ಮನೆಯವರನ್ನೇ ಒಳಗೆ ಬಿಡದ ನಾಯಿಯೂ ಉಂಟಷ್ಟೆ. ಸಕ್ಕರೆ ಕಾಯಿಲೆಯವನು ವೈದ್ಯರ ಮಾತಿನಂತೆ ಬೆಲ್ಲವನ್ನು ಬಿಡುವದೂ, ಶೇಂಗಾ ತಿಂದರೆ ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ಟುವವನು ಶೇಂಗಾ ಬಿಡುವದೂ ಮೊದಲನೆಯ ತರದ ಭಯ. ಯಾವ ಕೇಡನ್ನೂ ಮಾಡದ ತುಪ್ಪದನ್ನದ ಮುಂದೆ ಕೈ ನಡುಗುವದು ಎರಡನೆಯ ತರದ್ದು.

ಕೆಲವರು ಇದನ್ನು ವ್ರತವೆಂದೂ ಇಂದ್ರಿಯನಿಗ್ರಹವೆಂದೂ ಹೊಗಳುವದುಂಟು. "ನಮ್ಮ ಹುಡುಗಿಗೆ ನಾಲಗೆಯ ಚಪಲವೇ ಇಲ್ಲ" ಎಂದು ಮೊದಮೊದಲು ಹೆತ್ತವರೇ ಹಿಗ್ಗುವರು. ಅನ್ನ ಬಿಡುವದನ್ನು ಬಲ್ಲ ನಾಡು ನಮ್ಮದು. ಸೊರಬ ತಾಲೂಕಿನ ಹಿರೇ ಆವಲಿಯಲ್ಲಿ ಬಾಳಿನ ಕೊನೆಗೆ ವ್ರತ ಹಿಡಿದು ಅನ್ನಬಿಟ್ಟು ದೇಹವಿಟ್ಟ ಜೈನರ ನೆನಪಿನ ನಿಷಿಧಿಗಲ್ಲುಗಳು ಅನೇಕವಾಗಿವೆ. (ಲಂಡನ್ ಮಿಶನಿನ ಬೆಂಜಮಿನ್ ರೈಸ್ ಪಾದ್ರಿಗಳ ಮಗನಾದ ಬಿ. ಎಲ್. ರೈಸರು ಸೊರಬ ತಾಲೂಕಿನ ಶಾಸನಗಳನ್ನು ೧೯೦೪ರಲ್ಲಿ ಅಚ್ಚುಹಾಕಿಸಿದರು.) ಅವರ ನಂಬಿಕೆಯು ನಮ್ಮದಲ್ಲ. ಆದರೂ ಅವರು ಗುರುವಿನ ಅಪ್ಪಣೆ ಪಡೆದು, ಎಲ್ಲರಿಗೂ ತಿಳಿಸಿ, ಹಗಲು ಬೆಳಕಿನಲ್ಲಿ ಮಾಡಿದರೆಂಬದನ್ನು ಒಪ್ಪಲೇಬೇಕು. ಇತ್ತ ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿಯು ಎಲ್ಲವನ್ನೂ ತೊರೆದು ನಡೆದಳೆಂದು ಹೇಳುತ್ತಾರೆ. ಭಿಕ್ಷಾನ್ನಕ್ಕೆ ಅವಳು ಹೆದರಲಿಲ್ಲ. ಉಪವಾಸ ಮಾಡುವವನು "ಉಣ್ಣಬಲ್ಲೆನು, ಇಂದು ಉಣ್ಣೆನು" ಎನ್ನುವನು. ಹೊತ್ತು ಮುಳುಗಿದ ಮೇಲೆ ಸಂತೋಷದಿಂದ ಗಂಜಿ ಕುಡಿಯುವನು. ನಮ್ಮ ಹುಡುಗಿಯೋ ಬಾಯಲ್ಲಿ "ಉಣ್ಣೆನು" ಎಂದರೂ, ಅವಳೊಳಗೆ ಇರುವದು "ಉಣ್ಣಲಾರೆನು" ಎಂಬ ಮಾತು. ಅವಳು ಬಚ್ಚಿಡುತ್ತಾಳೆ, ನಾಯಿಗೆ ಹಾಕುತ್ತಾಳೆ, ಉಂಡೆನೆಂದು ಸುಳ್ಳು ಹೇಳುತ್ತಾಳೆ. ವ್ರತಕ್ಕೆ ಸುಳ್ಳು ಬೇಕಾಗುವದಿಲ್ಲ.

ಇದು ಈ ಕಾಲದ ಪಟ್ಟಣದ ಹುಡುಗಿಯರ ಬೆಡಗು ಎಂದು ಹೇಳುವವರಿಗೆ ಒಂದು ಹಳೆಯ ಸಂಗತಿಯನ್ನು ತಿಳಿಸಬೇಕಾಗಿದೆ. ೧೬೮೯ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನನು ಕ್ಷಯರೋಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಇವನು ವೈದ್ಯನಾಗುವ ಮೊದಲು ಸಭಾಪಾಲಕನಾಗಿದ್ದವನು. ಕೆಮ್ಮು ಜ್ವರಗಳಿಲ್ಲದೆ, ಅನ್ನ ಸೇರದೆ ಬತ್ತಿದ ಇಬ್ಬರನ್ನು ಕುರಿತು ಅದರಲ್ಲಿ ಹೇಳಿದ್ದಾನೆ. ಒಬ್ಬಳು ೧೮ ವರುಷದವಳು. ಔಷಧಕ್ಕೆ ಬೇಸತ್ತು ಬಿಟ್ಟುಬಿಟ್ಟಳು, ಕೆಲವು ತಿಂಗಳಲ್ಲಿ ಸತ್ತಳು. ಇನ್ನೊಬ್ಬನು ಒಬ್ಬ ಪಾದ್ರಿಯ ಮಗ, ೧೬ ವರುಷದವನು. ಓದನ್ನು ಬಿಟ್ಟು ಹಳ್ಳಿಗೆ ಹೋಗಿ ಹಾಲು ಕುಡಿಯಬೇಕೆಂದು ಮಾರ್ಟನನು ಅವನಿಗೆ ಹೇಳಿದನು. ಅವನು ಬಹಳಮಟ್ಟಿಗೆ ಚೇತರಿಸಿಕೊಂಡನು. ಹುಡುಗರಿಗೂ ಪಾದ್ರಿಯ ಮನೆಗೂ ಈ ರೋಗವು ಹೊರತಲ್ಲ.

ಒಲ್ಲೆನೆಂಬ ಮಾತು ಎಷ್ಟರಮಟ್ಟಿಗೆ ಅವಳದು, ಎಷ್ಟರಮಟ್ಟಿಗೆ ಹಸಿವಿನದು? ಇದಕ್ಕೆ ಬೆಳಕು ಕೊಟ್ಟವರು ೩೬ ಮಂದಿ ಅಮೇರಿಕದ ಯುವಕರು. ಅವರು ಮನಸ್ಸಾಕ್ಷಿಯ ನಿಮಿತ್ತ ಯುದ್ಧಕ್ಕೆ ಹೋಗಲೊಲ್ಲದವರು. ಅನೇಕರು ಕ್ವೇಕರ್, ಮೆನೊನೈಟ್, ಬ್ರೆದ್ರೆನ್ ಮೊದಲಾದ ಶಾಂತಿಸಭೆಗಳಿಗೆ ಸೇರಿದವರು. ಯುರೋಪಿನಲ್ಲಿ ಯುದ್ಧದಿಂದ ಹಸಿದ ಜನರನ್ನು ಪುನಃ ಉಣ್ಣಿಸುವದು ಹೇಗೆಂದು ತಿಳಿಯುವದಕ್ಕಾಗಿ, ೧೯೪೪ರ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಪಂಡಿತನ ಕೈಗೆ ತಮ್ಮ ದೇಹಗಳನ್ನು ಒಪ್ಪಿಸಿದರು. ಆರು ತಿಂಗಳು ಅವರಿಗೆ ಅರೆಹೊಟ್ಟೆಯ ಊಟ. ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಅವರ ಮನಸ್ಸಿಗೆ ಆದದ್ದು. ಆರೋಗ್ಯವಂತರಾಗಿಯೂ ಸ್ಥಿರಚಿತ್ತರಾಗಿಯೂ ಇದ್ದ ಆ ಯುವಕರು ಅಡಿಗೆಯ ಪುಸ್ತಕಗಳನ್ನು ಓದತೊಡಗಿದರು, ತಟ್ಟೆಯನ್ನು ನೆಕ್ಕಿದರು, ಸ್ವಲ್ಪ ಊಟವನ್ನು ಕಲಸಿ ಕೆದಕಿ ತಾಸುಗಟ್ಟಲೆ ಎಳೆದರು, ಸ್ನೇಹಿತರಿಂದ ದೂರ ಸರಿದರು, ಅಲ್ಪ ಮಾತಿಗೆ ಸಿಟ್ಟಾದರು. ಊಟ ಕೊಡಲು ಆರಂಭಿಸಿದ ಕೂಡಲೇ ಇದೆಲ್ಲಾ ಹೋಗಲಿಲ್ಲ, ತಿಂಗಳುಗಳು ಹಿಡಿದವು. ನಮ್ಮ ಹುಡುಗಿಯು ರೊಟ್ಟಿಯನ್ನು ಚೂರುಮಾಡುವದನ್ನು ಹಠವೆಂದು ಬೈದವರು ಈ ಯುವಕರನ್ನು ನೆನಸಿಕೊಳ್ಳಲಿ. ಅವರಿಗೆ ಹಠವೂ ಇರಲಿಲ್ಲ, ತೆಳ್ಳಗಾಗುವ ಆಶೆಯೂ ಇರಲಿಲ್ಲ; ಇದ್ದದ್ದು ಹಸಿವೆ.

ಇನ್ನೊಂದು ಮಾತು. ನಮ್ಮ ಕಡೆಯ ರೋಗಿಗಳು "ದಪ್ಪಗಾಗುತ್ತೇನೆ" ಎಂದು ಹೇಳದೆ ಇರಬಹುದು. "ಹೊಟ್ಟೆ ಉಬ್ಬುತ್ತದೆ, ಜೀರ್ಣವಾಗುವದಿಲ್ಲ, ಬದನೆಕಾಯಿ ನಂಜು, ಹಲಸು ನಂಜು" ಎಂದು ಹೇಳುವರು. ೧೯೯೦ರ ದಶಕದಲ್ಲಿ ಹಾಂಗ್‌ಕಾಂಗಿನ ವೈದ್ಯ ಸಿಂಗ್ ಲೀ ಇಂಥವರನ್ನು ಕುರಿತು ಬರೆದರು. ದೆಹಲಿಯ ವೈದ್ಯರೂ ೧೯೯೫ರಲ್ಲಿ ಹೀಗೆಯೇ ಕಂಡರು. ಆದಕಾರಣ ಮನೆಯವರು ನಂಜೆಂದೇ ನಂಬಿ ಒಂದೊಂದೇ ಪದಾರ್ಥವನ್ನು ಬಿಡಿಸುತ್ತಾ ಹೋಗುವರು. ರೋಗಕ್ಕೆ ಪಥ್ಯದ ಹೆಸರು ಬೀಳುವದು. ಅವಳು ಸುಳ್ಳು ಹೇಳುತ್ತಾಳೆಂದೂ ತಿಳಿಯಬಾರದು. ಬಹುಕಾಲ ಅರೆಹೊಟ್ಟೆ ಉಂಡವರ ಜಠರವು ನಿಧಾನವಾಗಿ ಖಾಲಿಯಾಗುತ್ತದೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುವದು ನಿಜವೇ. ಅದಕ್ಕೆ ಮದ್ದು ಕಡಿಮೆ ಉಣ್ಣುವದಲ್ಲ. ಹೊತ್ತುಹೊತ್ತಿಗೆ ತಪ್ಪದೆ ಉಣ್ಣುತ್ತಾ ಬಂದರೆ ಜಠರವು ತನ್ನ ಕೆಲಸವನ್ನು ಪುನಃ ಕಲಿಯುತ್ತದೆ.

ಹೀಗಿರಲಾಗಿ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಹಸಿವೆಯು ಕಟ್ಟಿಹಾಕಿದ ಚಿತ್ತವನ್ನು ಬಿಡಿಸುವದು ಅನ್ನವೇ ಆದದರಿಂದ, ಅವಳಿಗೆ ಉಣ್ಣಿಸುವದು ಅವಳ ಸ್ವಾತಂತ್ರ್ಯವನ್ನು ಕಸಕೊಳ್ಳುವದಲ್ಲ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು ೧೯೮೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ೧೯ ವರುಷಕ್ಕೆ ಮೊದಲು ರೋಗ ಹಿಡಿದು ಮೂರು ವರುಷ ಕಳೆಯದವರಿಗೆ ಮನೆಯವರನ್ನು ಕೂಡಿಸಿಕೊಂಡು ಮಾಡಿದ ಚಿಕಿತ್ಸೆಯೇ ಹೆಚ್ಚು ಫಲಕಾರಿಯಾಯಿತು. ಅಲ್ಲಿ ಏನು ಎಷ್ಟು ಬಡಿಸಬೇಕೆಂಬದನ್ನು ಮೊದಲು ಹೆತ್ತವರೇ ನಿಶ್ಚಯಿಸುವರು. ಮಗುವು ಚೇತರಿಸಿಕೊಂಡ ಹಾಗೆಲ್ಲಾ ಆ ಅಧಿಕಾರವನ್ನು ಮಗುವಿಗೆ ತಿರುಗಿ ಕೊಡುವರು. ಬಾಯಿಗೆ ತುರುಕುವದಾಗಲಿ ಹೊಡೆಯುವದಾಗಲಿ ಅಲ್ಲ. ತಟ್ಟೆಯ ಮುಂದೆ ಕೂತು, ಬೈಯದೆ, ಏಳದೆ ಕಾಯುವದು. ಪ್ರಾಯಕ್ಕೆ ಬಂದವಳಾದರೆ ಅವಳ ಒಪ್ಪಿಗೆಯನ್ನು ಹೆಚ್ಚಾಗಿ ಗಳಿಸಬೇಕು. ಇದು ಸುಲಭವೆಂದು ನಾನು ಹೇಳಲಾರೆನು. ಸಸಿ ನೆಡುವ ದಿನಗಳಲ್ಲಿ ಕೂಲಿಯನ್ನು ಬಿಟ್ಟು ಮಗಳ ತಟ್ಟೆಯ ಮುಂದೆ ಒಂದು ತಾಸು ಕೂರಬಲ್ಲ ತಾಯಿ ಎಷ್ಟು ಮಂದಿ?

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಕಠಿಣ. ಕಪಟ ಕೂಡದು. ಸುಳ್ಳು ಪಾಪವೆಂಬ ಕಾರಣ ಒಂದೇ ಅಲ್ಲ. ಈ ರೋಗದಲ್ಲಿ ಕಪಟವು ಔಷಧವನ್ನೇ ಕೆಡಿಸುತ್ತದೆ. ಅಡಗಿಸಿದ ತುಪ್ಪದಿಂದ ದೇಹಕ್ಕೆ ಒಂದು ಚಮಚ ಬಲ ಬರಬಹುದು. ಭಯವು ಸಾಸಿವೆಯಷ್ಟೂ ಕಡಿಮೆಯಾಗದು. ಯಾಕಂದರೆ ತಾನು ತುಪ್ಪ ತಿಂದೆನೆಂದು ಅವಳಿಗೆ ತಿಳಿಯಲೇ ಇಲ್ಲವಲ್ಲಾ! ತಿಂದೆನೆಂದು ತಿಳಿದು, ಎಣಿಸಿದ ಕೇಡು ಬರಲಿಲ್ಲವೆಂದು ಕಂಡರೆ ಮಾತ್ರ ಭಯವು ತಗ್ಗುವದು. ತಿಳಿಯದೆ ತಿಂದು ಆಮೇಲೆ ತಿಳಿದರೋ, ಇನ್ನು ಮೇಲೆ ಎಲ್ಲಾ ತಟ್ಟೆಗಳಲ್ಲಿಯೂ ತುಪ್ಪವಿದೆ.

ವೈದ್ಯರು ಮಾಡಿಸುವ ಕ್ರಮವು ಇದಕ್ಕೆ ವಿರೋಧವಾದದ್ದು. ಹೆದರುವ ಪದಾರ್ಥಗಳನ್ನೆಲ್ಲಾ ಅವಳ ಕೈಯಿಂದಲೇ ಬರೆಯಿಸಿ, ಕಡಿಮೆ ಭಯದ್ದನ್ನು ಕೆಳಗೂ ಹೆಚ್ಚು ಭಯದ್ದನ್ನು ಮೇಲೂ ಏಣಿಯ ಮೆಟ್ಟಲುಗಳಂತೆ ಇಡುತ್ತಾರೆ. ಒಬ್ಬಳಿಗೆ ಕೆಳಗಿನ ಮೆಟ್ಟಲು ಬಾಳೆಹಣ್ಣು, ನಡುವೆ ಒಗ್ಗರಣೆ ಹಾಕಿದ ಪಲ್ಯ, ತುದಿಯಲ್ಲಿ ಹೋಳಿಗೆ ಇರಬಹುದು. ತಿನ್ನುವ ಮೊದಲು, "ಇದನ್ನು ತಿಂದರೆ ಏನಾಗುವದೆಂದು ಹೆದರುತ್ತೀ?" ಎಂದು ಕೇಳಬೇಕು. ಮಾರನೆಯ ದಿನ ಅದು ಆಯಿತೋ ಇಲ್ಲವೋ ಎಂದು ಇಬ್ಬರೂ ನೋಡಬೇಕು. ಒಂದು ಸಾರಿ ತಿಂದರೆ ಸಾಲದು. ಅದೇ ಪದಾರ್ಥವನ್ನು ಬೇರೆ ಬೇರೆ ದಿನ, ಬೇರೆ ಬೇರೆ ಜನರೊಂದಿಗೆ ತಿನ್ನಬೇಕು. ಒಗ್ಗರಣೆಯ ಎಣ್ಣೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು ತಿಂದರೆ ಲೆಕ್ಕಕ್ಕಿಲ್ಲ, ಯಾಕಂದರೆ ಒತ್ತಿದ ಬಟ್ಟೆಯೇ ತನ್ನನ್ನು ಕಾಪಾಡಿತೆಂದು ಅವಳು ಎಣಿಸುವಳು. "ಭಯ ಹೋದ ಮೇಲೆ ತಿನ್ನುತ್ತೇನೆ" ಎಂದು ರೋಗಿಯು ಹೇಳುವದು ಸಹಜ. ಆದರೆ ಇಲ್ಲಿ ತಿನ್ನುವದು ಮುಂದೆ, ಭಯ ಹೋಗುವದು ಹಿಂದೆ.

ಇದಕ್ಕೆ ನಮಗೆಲ್ಲಾ ಪರಿಚಯವಾದ ಒಂದು ಕಥೆ ಉಂಟು. ಯೊಪ್ಪ ಪಟ್ಟಣದ ಮಾಳಿಗೆಯ ಮೇಲೆ ಪೇತ್ರನು ಹಸಿದಿದ್ದಾಗ ಕಂಡ ದರ್ಶನವು ಮೂರು ಸಾರಿ ಆಗಬೇಕಾಯಿತು. ಅವನದು ರೋಗವಲ್ಲ, ಧರ್ಮಶಾಸ್ತ್ರದ ಹೆದರಿಕೆ. ಆದರೂ ಚಿಕ್ಕಂದಿನಿಂದ ಹೊಲೆಯೆಂದು ಎಣಿಸಿದ್ದನ್ನು ಒಂದು ಮಾತಿಗೆ ತಿನ್ನಲು ಅಪೊಸ್ತಲನಿಗೂ ಆಗಲಿಲ್ಲ. ಹೀಗೆ ಕಲಿತವನೇ ತರುವಾಯ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಪಂಕ್ತಿಯಿಂದ ಹಿಂದೆಗೆದನು, ಪೌಲನು ಅವನನ್ನು ಎದುರಿಸಬೇಕಾಯಿತು. ಗುಣವಾಗುತ್ತಿರುವ ಹುಡುಗಿಯು ಒಂದು ಮದುವೆಯ ಊಟದಲ್ಲಿ ಎದ್ದು ಹೋದರೆ "ಎಲ್ಲಾ ವ್ಯರ್ಥವಾಯಿತು" ಎಂದು ಕೂಗುವವರು ಇದನ್ನು ನೆನಸಲಿ. ಇವಳಿಗೆ ನಂಬಿಕೆ ಸಾಲದೆಂದು ಹೇಳುವವರೂ ನೆನಸಲಿ.

ಸಭೆಯವರು ಮಾಡಬಹುದಾದದ್ದು ಸ್ವಲ್ಪವೇ, ಆದರೆ ಅದು ಬೇಕು. ಇಂಥವಳನ್ನು ಶುಭ ಶುಕ್ರವಾರದ ಉಪವಾಸದಿಂದ ಬಿಡಿಸಬೇಕು. ಗುಡಿಯ ಅಂಗಳದಲ್ಲಿ "ಎಷ್ಟು ಬಡವಾಗಿದ್ದೀ" ಎಂದಾಗಲಿ, ಚೇತರಿಸಿಕೊಂಡ ಮೇಲೆ "ಈಗ ಮೈ ಬಂತು" ಎಂದಾಗಲಿ ಹೇಳಬಾರದು. ಎರಡನೆಯ ಮಾತು ಒಂದು ತಿಂಗಳ ಕಷ್ಟವನ್ನು ಒಂದು ಕ್ಷಣದಲ್ಲಿ ಕೆಡಿಸಬಲ್ಲದು.

ಬಹಳ ಸೊರಗಿದವಳಿಗೆ ಒಮ್ಮೆಲೆ ಹೊಟ್ಟೆತುಂಬ ಉಣ್ಣಿಸುವದು ಅಪಾಯಕರ. ೧೯೪೫ರಲ್ಲಿ ಯುದ್ಧದ ಸೆರೆಗಳಿಂದ ಹೊರಗೆ ಬಂದ ಹಸಿದವರಲ್ಲಿ ಕೆಲವರು ಊಟ ಸಿಕ್ಕಿದ ಮೇಲೆಯೇ ಸತ್ತರು. ಒಣಗಿದ ದೇಹದ ರಕ್ತದಲ್ಲಿರುವ ಲವಣಗಳು ಆ ಭಾರವನ್ನು ತಡೆಯಲಾರವು. ತಲೆತಿರುಗಿ ಬೀಳುವದು, ಮುಟ್ಟು ನಿಲ್ಲುವದು, ಕಾಲು ಬಾಯುವದು, ಉಂಡದ್ದನ್ನು ಕಕ್ಕುವದು ಇವುಗಳಲ್ಲಿ ಒಂದು ಕಂಡರೂ ಮೊದಲು ಆಸ್ಪತ್ರೆ, ಆಮೇಲೆ ಏಣಿ. ಮನೋವೈದ್ಯರು ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡನ್ನು ರಾಜ್ಯ ಸರ್ಕಾರವು ೨೦೧೪ರಲ್ಲಿ ಆರಂಭಿಸಿತು. ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಿರಿ. ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ೧೪೪೧೬. ಕಾಸಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ನಾವು ಬಿಟ್ಟುಬಂದ ಆ ಮನೆಗೆ ತಿರುಗಿ ಹೋಗೋಣ. ತಾಯಿಯು ಒಂದು ಸಂಜೆ ಒಲೆಯ ಹತ್ತಿರ ಮಗಳ ಪಕ್ಕದಲ್ಲಿ ಕೂತು, "ಮಗಾ, ಅವತ್ತು ಅನ್ನದ ಕೆಳಗೆ ತುಪ್ಪ ಇಟ್ಟಿದ್ದೆ. ನೀನು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ಇನ್ನು ಹಾಕಿದರೆ ನಿನ್ನ ಕಣ್ಣ ಮುಂದೆಯೇ ಹಾಕುತ್ತೇನೆ" ಎಂದಳು. ಹುಡುಗಿಯು ಸಿಟ್ಟಿನಿಂದ ಎದ್ದು ಹಿತ್ತಲಿಗೆ ಹೋದಳು. ಕತ್ತಲಾದ ಮೇಲೆ ಒಳಗೆ ಬಂದಳು. ಎಂಟು ದಿನದ ಮೇಲೆ, ತಾಯಿಯು ಎಲ್ಲರೆದುರಿಗೆ ಗಿಂಡಿಯಿಂದ ಅರ್ಧ ಚಮಚ ತುಪ್ಪವನ್ನು ಅವಳ ಅನ್ನದ ಮೇಲೆ ಹಾಕಿದಳು. ಆಮೇಲೆ ತನ್ನ ಅನ್ನದ ಮೇಲೆ ಹಾಕಿಕೊಂಡಳು. ಹುಡುಗಿಯು ಅಳುತ್ತಾ ಉಂಡಳು. ಮಾರನೆಯ ದಿನ ಉಣ್ಣಲಿಲ್ಲ. ಅದರ ಮಾರನೆಯ ದಿನವೂ ತಾಯಿಯು ಅದೇ ಹೊತ್ತಿಗೆ ಎರಡು ಮಣೆಗಳನ್ನು ಹಾಕಿ, ತುಪ್ಪದ ಗಿಂಡಿಯನ್ನು ನಡುವೆ ಇಟ್ಟು, ಮಗಳನ್ನು ಕರೆದಳು.