ಬಾವಿಯ ಬಳಿಯ ಪರದೇಶಿ

ಓದತಕ್ಕ ಭಾಗ: ವಿಮೋಚನಕಾಂಡ 2ನೇ ಅಧ್ಯಾಯ, 15ರಿಂದ 22ನೇ ವಚನಗಳು.



ನಮ್ಮ ಕರ್ತನು ಬಲೆಯ ಸಾಮ್ಯವನ್ನು ಹೇಳುವಾಗ, ಅಘನಾಶಿನಿಯ ದಡದಲ್ಲಿ ವಾಸಿಸುವ ನಮಗೆ ಅದರ ಅರ್ಥವನ್ನು ಬಿಡಿಸಿ ಹೇಳುವವರು ಬೇಕಾಗಿಲ್ಲ. ಒಳ್ಳೇ ಮೀನನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಬಿಸಾಡುವದು ನಮ್ಮ ಮಕ್ಕಳಿಗೂ ಗೊತ್ತು. ಬಿತ್ತುವವನ ಸಾಮ್ಯವೂ ಹಾಗೆಯೇ. ಗಜನಿಯ ಉಪ್ಪುನೀರಿನಲ್ಲಿ ಕಗ್ಗ ಭತ್ತವನ್ನು ಬೆಳೆಯುವವರಿಗೆ ಬೀಜದ ಕಷ್ಟ ತಿಳಿಯದೆ ಇರುವದೇ? ಆದರೆ ಕುರುಬನ ಸಾಮ್ಯವು ನಮಗೆ ಬಹುಮಟ್ಟಿಗೆ ಮುಚ್ಚಿದ ಪುಸ್ತಕವಾಗಿದೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ತೇವದಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಉಣ್ಣೆ ಆರುವದಿಲ್ಲ. ಆದದರಿಂದ ಭಾನುವಾರದ ಶಾಲೆಯ ಚಿತ್ರಪಟದಲ್ಲಿರುವ ಬಿಳೀ ಮರಿಯೇ ನಮ್ಮಲ್ಲಿ ಬಹುಮಂದಿಗೆ ಗೊತ್ತಿರುವ ಕುರಿ.

ಈ ಕೊರತೆಯನ್ನು ತೀರಿಸಿಕೊಳ್ಳಬೇಕೆಂದು ನಾನು ಒಂದು ವರುಷ ಸುಗ್ಗಿ ಮುಗಿದ ಮೇಲೆ ಘಟ್ಟವನ್ನು ಹತ್ತಿ ಬಯಲುಸೀಮೆಗೆ ಹೋಗಿ, ಕುರುಬರ ಒಂದು ಹಿಂಡಿನ ಸಂಗಡ ಕೆಲವು ದಿವಸ ಇದ್ದೆನು. ಕುಮಟೆಯಿಂದ ಕತಗಾಲದ ಮೇಲೆ ದೇವಿಮನೆ ಘಟ್ಟವನ್ನೇರಿದರೆ ಶಿರಸಿ. ನಮ್ಮ ಹೊಳೆಯು ಹುಟ್ಟುವದು ಅಲ್ಲಿಯೇ. ಶಿರಸಿಯನ್ನು ದಾಟಿ ಹಾವೇರಿಯ ಕಡೆಗೆ ಸಾಗುತ್ತಾ ಕಾಡು ವಿರಳವಾಗುತ್ತದೆ. ಬಳಿಕ ಮರಗಳೇ ಹಿಂದೆ ಬಿದ್ದು, ಕಣ್ಣು ಹರಿಯುವಷ್ಟು ದೂರ ಕೊಯ್ದ ಹೊಲವೂ ಹುಲ್ಲೂ ಆಕಾಶವೂ ಮಾತ್ರ ಉಳಿಯುತ್ತವೆ. ಲೋಕದಲ್ಲಿ ಇದಕ್ಕಿಂತ ಎಷ್ಟೋ ವಿಸ್ತಾರವಾದ ಹುಲ್ಲುಬಯಲುಗಳುಂಟು. ಕಪ್ಪುಸಮುದ್ರದ ಉತ್ತರದಿಂದ ಮಂಗೋಲಿಯದ ವರೆಗೆ ಅಂಥ ಬಯಲು ಹಬ್ಬಿದೆ. ಅಲ್ಲಿ ಕುಟುಂಬಗಳು ಉಣ್ಣೆಯನ್ನು ಒತ್ತಿ ಮಾಡಿದ ಡೇರೆಗಳಲ್ಲಿ ವಾಸಿಸಿ, ಹುಲ್ಲು ಇರುವ ಕಡೆಗೆ ಮಂದೆಗಳನ್ನು ನಡಿಸಿಕೊಂಡು ಹೋಗುತ್ತವೆ. ನಮ್ಮ ಕುರುಬರಿಗೆ ಅಂಥ ಡೇರೆಯೂ ಇಲ್ಲ. ಕಂಬಳಿಯೇ ಅವರಿಗೆ ಹಾಸಿಗೆ, ಕಂಬಳಿಯೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ.

ನಾನು ಕಂಡ ಹಿಂಡು ಮೂರು ಕುಟುಂಬಗಳದು. ಕುರಿಗಳು ಚಿತ್ರಪಟದಲ್ಲಿರುವಂತೆ ಬಿಳುಪಲ್ಲ, ಬಹುಮಟ್ಟಿಗೆ ಕಪ್ಪು. ನಡುವೆ ಕೆಲವು ಆಡುಗಳು. ಸಾಯಂಕಾಲ ಒಬ್ಬ ರೈತನ ಹೊಲದಲ್ಲಿ ಬಲೆಯನ್ನು ಸುತ್ತಲೂ ಕಟ್ಟಿ ಕುರಿಗಳನ್ನು ತರುಬಿದರು. ರಾತ್ರಿಯೆಲ್ಲಾ ಬಿದ್ದ ಹಿಕ್ಕೆಯೂ ಗಂಜಲವೂ ಆ ಹೊಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರೈತನು ಕಾಳನ್ನಾಗಲಿ ಹಣವನ್ನಾಗಲಿ ಕೊಡುತ್ತಾನೆ. ಹೀಗೆ ಒಂದು ಅಂಗುಲ ಭೂಮಿಯಿಲ್ಲದವರು ಭೂಮಿಯುಳ್ಳವರ ಅನ್ನವನ್ನು ಹೆಚ್ಚಿಸುತ್ತಾರೆ. ತೋಳದ ಭಯವಿರುವದರಿಂದ ಗಂಡಸರು ಹಿಂಡಿನ ನಾಲ್ಕು ಮೂಲೆಗಳಲ್ಲಿ ಮಲಗಿದರು. ನಾಯಿ ಬೊಗಳಿದಾಗೆಲ್ಲಾ ಅವರು ಎದ್ದದ್ದನ್ನು ನೋಡಿ, ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಳ್ಳೇ ಕುರುಬನಿಗೂ ಕೂಲಿಯಾಳಿಗೂ ಇರುವ ಭೇದವು ಎಷ್ಟು ದೊಡ್ಡದೆಂದು ತಿಳಿದೆನು. ಆ ದಿನ ಹುಟ್ಟಿದ ಮರಿಯೊಂದನ್ನು ಒಬ್ಬ ಹುಡುಗನು ಬೆಳಗಿನ ವರೆಗೆ ತನ್ನ ಕಂಬಳಿಯೊಳಗೆ ಇಟ್ಟುಕೊಂಡಿದ್ದನು.

ಅವರು ನನ್ನ ಜಾತಿಯನ್ನು ಕೇಳಲಿಲ್ಲ, ಮತವನ್ನು ಕೇಳಲಿಲ್ಲ. ಉಂಡೆಯಾ ಎಂದು ಕೇಳಿದರು. ಅರ್ಧ ಮೈಲು ದೂರದಿಂದ ಹೊತ್ತು ತಂದ ಕೊಡದ ನೀರಿನಲ್ಲಿ ಮೊದಲನೆಯ ಚೊಂಬು ನನಗೆ ಬಂತು. ಮೊದಲನೆಯ ರೊಟ್ಟಿಯೂ ನನಗೇ ಬಂತು. ಒಲೆಯ ಮುಂದೆ ಕೂತಿದ್ದ ಮುದುಕಿಯು ನಾನು ಸಮುದ್ರತೀರದವನೆಂದು ಕೇಳಿ ತಿರುಗಿ ಕೂತು, “ನನ್ನ ಮೊಮ್ಮಗ ನಿಮ್ಮ ಸೀಮಿಗೇ ಕೂಲಿಗೆ ಹೋಗ್ಯಾನ್ರಿ ಮಾಸ್ತರ, ಸಮುದ್ರದ ದಂಡಿಗೆ. ಅಲ್ಲಿ ಅವಗ ಕುಡಿಯಾಕ ನೀರು ಕೊಡ್ತಾರೇನ್ರಿ?” ಎಂದಳು.

ಪ್ರಿಯರೇ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೆಲ್ಲರು. ಉತ್ತರ ಕೊಡುವದಕ್ಕೆ ಮೊದಲು ಸತ್ಯವೇದದ ಬಾವಿಯೊಂದರ ಬಳಿಗೆ ಹೋಗೋಣ.

ಮೋಶೆಯು ಐಗುಪ್ತದ ಅರಮನೆಯಲ್ಲಿ ಬೆಳೆದು ಆ ದೇಶದ ಸರ್ವವಿದ್ಯೆಗಳನ್ನು ಕಲಿತವನು. ಫರೋಹನಿಗೆ ಹೆದರಿ ಓಡಿಹೋದ ಆತನು ಮಿದ್ಯಾನ್ ದೇಶದ ಒಂದು ಬಾವಿಯ ಬಳಿಯಲ್ಲಿ ಕೂತುಕೊಂಡನು. ಆಗ ಆತನಿಗೆ ಮನೆಯಿಲ್ಲ, ಊರಿಲ್ಲ, ಪರಿಚಯದವರಿಲ್ಲ. ಕುರಿಗಳಿಗೆ ನೀರು ಕುಡಿಸುವದಕ್ಕೆ ಬಂದ ಏಳು ಮಂದಿ ಅಕ್ಕತಂಗಿಯರನ್ನು ಬಲವುಳ್ಳ ಕುರುಬರು ಓಡಿಸಿಬಿಡುವದನ್ನು ಆತನು ನೋಡಿದನು. ನೋಡಿ ಸುಮ್ಮನಿರಲಿಲ್ಲ, ಎದ್ದು ಅವರ ಪಕ್ಷವಾಗಿ ನಿಂತು, ತಾನೇ ನೀರು ಸೇದಿ ಮಂದೆಗೆ ಕುಡಿಸಿದನು. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಹುಡುಗಿಯರು ಮನೆಗೆ ಬಂದಾಗ ಅವರ ತಂದೆಯು ಮಾಡಿದ ವಿಚಾರಣೆಯನ್ನು ಲಕ್ಷ್ಯವಿಟ್ಟು ಓದಿರಿ. ಆ ಮನುಷ್ಯನು ಯಾರೆಂದು ಮೊದಲು ಶೋಧಿಸಿ ಬನ್ನಿರೆಂದು ಅವನು ಹೇಳಲಿಲ್ಲ. ಅವನನ್ನು ಅಲ್ಲಿಯೇ ಯಾಕೆ ಬಿಟ್ಟು ಬಂದಿರೆಂದು ಗದರಿಸಿ, ಊಟಕ್ಕೆ ಕರಸಿದನು.

ಆ ಒಂದು ಊಟವು ನಾಲ್ವತ್ತು ವರುಷಗಳ ವಾಸವಾಯಿತು. ಯಾಜಕನಾಗಿದ್ದ ಆ ಹಿಂಡಿನ ಒಡೆಯನು ಇಸ್ರಾಯೇಲನಲ್ಲ. ಆದರೂ ದೇವರು ತನ್ನ ಸೇವಕನನ್ನು ಅವನ ಆಶ್ರಯದಲ್ಲಿಟ್ಟು, ಅರಮನೆಯಲ್ಲಿ ಕಲಿಯಲಾರದ್ದನ್ನು ಹುಲ್ಲುಬಯಲಿನಲ್ಲಿ ಕಲಿಸಿದನು. ನಿಧಾನವಾಗಿ ನಡೆಯುವದನ್ನು, ಕುಂಟುವ ಕುರಿಗಾಗಿ ಕಾಯುವದನ್ನು, ನೀರಿನ ಜಾಡನ್ನು ಮೋಶೆಯು ಅಲ್ಲಿ ಅರಿತನು. ಉರಿಯುವ ಪೊದೆಯನ್ನು ಕಂಡದ್ದು ಸಹ ಆ ಮಂದೆಯನ್ನು ಮೇಯಿಸುವಾಗಲೇ. ತರುವಾಯ ಅರಣ್ಯಪ್ರಯಾಣದಲ್ಲಿ ಆತನು ಅದೇ ಮನೆತನದ ಹೋಬಾಬನನ್ನು, ಎಲ್ಲಿ ಇಳುಕೊಳ್ಳಬೇಕೆಂದು ಬಲ್ಲ ನೀನು ನಮಗೆ ಕಣ್ಣಾಗಿರಬೇಕೆಂಬ ಅರ್ಥದಲ್ಲಿ ಬೇಡಿಕೊಂಡನು (ಅರಣ್ಯಕಾಂಡ 10ನೇ ಅಧ್ಯಾಯ). ಮೇಘಸ್ತಂಭವು ಮುಂದೆ ಹೋಗುತ್ತಿರುವಾಗಲೂ ಅಲೆಮಾರಿ ಕುರುಬನ ಕಣ್ಣು ಬೇಡವೆಂದು ಮೋಶೆಯು ಹೇಳಲಿಲ್ಲ.

ಈ ಪಾಠವನ್ನು ಚೆನ್ನಾಗಿ ಕಲಿತ ಒಬ್ಬ ಬೋಧಕನುಂಟು. ಸ್ಕಾಟ್ಲೆಂಡಿನ ಜೇಮ್ಸ್ ಗಿಲ್ಮೋರ್ ಎಂಬವನು 1870ರಲ್ಲಿ ಪೀಕಿಂಗ್ ಪಟ್ಟಣವನ್ನು ಸೇರಿ, ಅದೇ ವರುಷ ಮಂಗೋಲಿಯದ ಬಯಲನ್ನು ದಾಟಿದನು. ಪಟ್ಟಣದಲ್ಲಿ ಕೂತು ಭಾಷೆಯನ್ನು ಕಲಿಯದೆ, ಮಂಗೋಲರ ಡೇರೆಗಳಲ್ಲಿ ಅತಿಥಿಯಾಗಿದ್ದು ಅವರ ಬಾಯಿಂದಲೇ ಕಲಿತನು. ಆ ದೇಶದಲ್ಲಿ ಬಂದವನು ದೂರದಿಂದಲೇ ಕೂಗಿ ನಾಯಿಗಳನ್ನು ಹಿಡಿಸಿ, ಚಾವಟಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುವದು ಮರ್ಯಾದೆ. ಕೈಯಲ್ಲಿ ಕೋಲನ್ನು ಹಿಡುಕೊಂಡು ಮತ್ತೊಬ್ಬನ ಮನೆಯೊಳಗೆ ಹೋಗತಕ್ಕದ್ದಲ್ಲವೆಂಬದನ್ನು ಬೋಧಕರೂ ಕಲಿಯಬೇಕು. 1891ರಲ್ಲಿ ಗಿಲ್ಮೋರನು ತೀರಿಹೋಗುವ ತನಕ ಆ ಅಲೆಮಾರಿಗಳೊಳಗೆ ಅವನ ದುಡಿಮೆಯ ಫಲವು ಕಣ್ಣಿಗೆ ಕಂಡದ್ದು ಬಹು ಸ್ವಲ್ಪ. ಆದರೆ ಅವರನ್ನು ಪ್ರೀತಿಸುವದನ್ನು ಅವನು ಬಿಡಲಿಲ್ಲ. ಪ್ರೀತಿಯು ಫಲವನ್ನು ಎಣಿಸಿ ಕೆಲಸಮಾಡುವಂಥದಲ್ಲ.

ಕುರುಬರ ಮಕ್ಕಳು ಹಿಂಡನ್ನು ಬಿಟ್ಟು ಕೂಲಿಗೆ ಯಾಕೆ ಇಳಿದು ಬರುತ್ತಾರೆ? ಮಳೆ ತಪ್ಪುವದು ಒಂದು ಕಾರಣ. ಹುಲ್ಲು ಕಡಿಮೆಯಾಗುವದು ಮತ್ತೊಂದು. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಕಾದಿಟ್ಟ ಅಮೃತಮಹಲ್ ಕಾವಲುಗಳಲ್ಲಿ ಎಷ್ಟೋ ಭಾಗ ಬೇರೆ ಕೆಲಸಗಳಿಗೆ ಹೋಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿಯೇ 2010ರ ಸುಮಾರಿಗೆ ಹತ್ತಿರ ಹತ್ತಿರ 10,000 ಎಕರೆ ಬಯಲು ರಕ್ಷಣೆಯ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಕೊಡಲ್ಪಟ್ಟಿತು. ಅಲ್ಲಿ ಮೇಯುತ್ತಿದ್ದ ಹಿಂಡುಗಳಿಗೆ ಬೇಲಿ ಅಡ್ಡವಾಯಿತು. ಇಂಥ ಸಂಕಟವು ಬೇರೆ ದೇಶಗಳಲ್ಲಿಯೂ ಇರುವದರಿಂದ ವಿಶ್ವಸಂಸ್ಥೆಯು 2022ರಲ್ಲಿ ಕೂಡಿ, 2026ನೇ ವರುಷವು ಹುಲ್ಲುಗಾವಲುಗಳಿಗೂ ಪಶುಪಾಲಕರಿಗೂ ಮೀಸಲಾಗಿರಬೇಕೆಂದು ಸಾರಿತು. ಸಾರುವದು ರಾಜ್ಯಗಳ ಕೆಲಸ; ನೀರು ಸೇದುವದು ನಮ್ಮ ಕೆಲಸ.

ನಮ್ಮ ಹಿರಿಯರಲ್ಲಿ ಅನೇಕರು ಕ್ರಿಸ್ತನನ್ನು ಹಿಂಬಾಲಿಸಿದ ದಿನದಲ್ಲಿ ಜಾತಿಯವರಿಂದ ಹೊರಗೆ ಹಾಕಲ್ಪಟ್ಟರು. ಒಲೆಯ ಬೆಂಕಿಯೂ ಬಾವಿಯ ಹಗ್ಗವೂ ಅವರಿಗೆ ನಿಂತುಹೋಗಿದ್ದವು. ಅವರ ಮಕ್ಕಳಾದ ನಮಗೆ ಈಗ ಹಂಚಿನ ಮನೆಗಳುಂಟು, ಬತ್ತದ ಬಾವಿಗಳುಂಟು. ಹೆದ್ದಾರಿಯ ಬದಿಯಲ್ಲಿ ತಾಡಪತ್ರಿಯನ್ನು ಕಟ್ಟಿಕೊಂಡು ಇಳಿದಿರುವವರನ್ನು ಕಂಡು, “ಘಟ್ಟದವರು, ಕೈ ಸುಮ್ಮನಿರುವದಿಲ್ಲ” ಎಂದು ಬಾಗಿಲು ಹಾಕಿಕೊಳ್ಳುವ ಮಾತು ನಮ್ಮ ಅಂಗಳಗಳಲ್ಲಿ ಕೇಳಬರುವದಿಲ್ಲವೋ? ಆ ಮಾತನ್ನು ಆಡುವ ಬಾಯಿ ಭಾನುವಾರ ದೇವರನ್ನು ಕುರುಬನೆಂದು ಹಾಡುವದು ಹೇಗೆ?

ಆದದರಿಂದ ಬರುವ ಬೇಸಿಗೆಯಲ್ಲಿ ನಿಮ್ಮ ಬಾವಿಯ ಹಗ್ಗ ಅವರ ಕೈಗೂ ಸಿಕ್ಕಲಿ. ದೇವಾಲಯದ ಬಾವಿಗೆ ಬೀಗವಿದ್ದರೆ ಹಿರಿಯರು ಅದನ್ನು ತೆಗೆಯಿಸಲಿ. ಅವರ ಹೆಸರುಗಳನ್ನು ಕೇಳಿ ತಿಳಿದು, ಹೆಸರು ಹಿಡಿದು ಕರೆಯಿರಿ. ಅವರ ಮಕ್ಕಳು ಶಾಲೆಗೆ ಸೇರುವಂತೆ ಮಾಸ್ತರರ ಸಂಗಡ ಮಾತಾಡಿರಿ. ಆದರೆ ನೀರನ್ನು ಗಾಳದ ಹುಳುವಾಗಿ ಮಾಡಬೇಡಿರಿ. ಕುಡಿದವರಿಂದ ಏನನ್ನೂ ಅಪೇಕ್ಷಿಸಬೇಡಿರಿ. ಅಬ್ರಹಾಮನು ಮಮ್ರೆಯಲ್ಲಿ ದಾರಿಹೋಕರಿಗೆ ನೀರು ತರಿಸಿದಾಗ, ಬಂದವರು ಯಾರೆಂಬದು ಅವನಿಗೆ ತಿಳಿದಿರಲಿಲ್ಲ.

ಬಯಲಿನಲ್ಲಿ ಒಬ್ಬ ಅಜ್ಜಿಯು ಕಾಯುತ್ತಿದ್ದಾಳೆ. ಮೊಮ್ಮಗನು ಮಳೆಗಾಲಕ್ಕೆ ಮನೆಗೆ ಹೋದಾಗ ಅವಳು ಅವನನ್ನೇ ಕೇಳುವಳು. ಅವನು ಹೇಳುವ ಉತ್ತರವನ್ನು ಒಳ್ಳೇ ಕುರುಬನೂ ಕೇಳಿಸಿಕೊಳ್ಳುವನು. ಆ ಉತ್ತರವು ನಮಗೆ ನಾಚಿಕೆಯನ್ನು ತಾರದ ಹಾಗೆ ಕರ್ತನು ನಮ್ಮ ಬಾಗಿಲುಗಳನ್ನೂ ಹೃದಯಗಳನ್ನೂ ತೆರೆಯಲಿ. ಆಮೆನ್.